ಕೆಳಗಿನ ಹಿಡಿ

ಚನ್ನಗಿರಿ,
ಮಂಗಳವಾರ

ಬೈಲಪ್ಪಣ್ಣನಿಗೆ ಅಲ್ಲಾಬಕ್ಷನ ಸಲಾಂ.

ಈ ಕಾಗದವನ್ನು ನಿನ್ನ ಸೊಸೆ ಗಂಗೋತ್ರಿ ಓದಿ ಹೇಳಲಿ. ನಿನ್ನೆ ನಾನೇ ನಿಮ್ಮೂರು ಸೊಕ್ಕೆಗೆ ಬರೋಣವೆಂದು ಬಸ್ಸು ಹತ್ತಿದ್ದೆ. ದಾವಣಗೆರೆಯಲ್ಲಿ ಇಳಿದು ವಾಪಸ್ ಬಂದುಬಿಟ್ಟೆ.

ಇಲ್ಲಿನ ಹಳೇ ನಾಟಾ ಡಿಪೋವನ್ನು ಮ್ಯೂಸಿಯಂ ಮಾಡಿದ್ದಾರೆ. ಮೊಮ್ಮಗಳು ಶಾಹೀನ್ ಕರೆದುಕೊಂಡು ಹೋಗಿದ್ದಳು. ನಾವಿಬ್ಬರೂ ಮರ ಕೊಯ್ಯುತ್ತಿದ್ದ ಉದ್ದನೆಯ ಗರಗಸ ಅಲ್ಲಿದೆ. ಗುಂಡಿ ತೋಡಿ, ಅಡ್ಡಲಾಗಿ ದಿಮ್ಮಿ ಇಟ್ಟು, ಅದರ ಮೇಲೊಂದು ಗೊಂಬೆ ನಿಲ್ಲಿಸಿದ್ದಾರೆ. ನೀನು ನಿಲ್ಲುತ್ತಿದ್ದ ಗುಂಡಿಯೊಳಗೆ ಯಾರೂ ಇಲ್ಲ. ಕೆಳಗಿನ ಹಿಡಿಗೆ ನೀನು ಸುತ್ತಿದ್ದ ಪಂಚೆಯ ತುಂಡು ಇನ್ನೂ ಹಾಗೇ ಇದೆ.

"ಅದನ್ನ ಯಾರು ಹಿಡೀತಿದ್ರು ದಾದಾ?" ಎಂದಳು ಶಾಹೀನ್. ನಿನ್ನ ಹೆಸರು ಹೇಳಿದೆ. ಆಮೇಲೆ ಅಲ್ಲಿ ನಿಲ್ಲಲಾಗಲಿಲ್ಲ.

ಕೊಯ್ಯುವಾಗ ಮರದ ಹುಡಿಯೆಲ್ಲ ಕೆಳಗಿದ್ದ ನಿನ್ನ ಕಣ್ಣಿಗೇ ಬೀಳುತ್ತಿತ್ತು. "ಒಂದಿನ ನೀನು ಕೆಳಗಿಳಿಯೋ, ನಾನು ಮೇಲೆ ಬರ್ತೀನಿ" ಎಂದು ನೀನು ಕೇಳಿದಾಗ, "ನಿಂಗೆ ಗೆರೆ ಮೇಲೆ ಕೊಯ್ಯಾಕೆ ಬರಲ್ಲ ಬಿಡಣ್ಣ" ಎಂದು ನಕ್ಕಿದ್ದೆ. ಹನ್ನೊಂದು ವರ್ಷ ನಾನು ಇಳಿಯಲೇ ಇಲ್ಲ. ಈಗ ಕಣ್ಣು ಹೇಗಿವೆ ಎಂದು ಕೇಳಲು ನನಗೆ ಮುಖವಿಲ್ಲ.

ಮುಂದಿನ ತಿಂಗಳ ಮೊದಲ ಭಾನುವಾರ ಮಕ್ಕಳಿಗೆ ಮರ ಕೊಯ್ದು ತೋರಿಸಬೇಕೆಂದು ಮ್ಯೂಸಿಯಂನವರು ನನ್ನನ್ನು ಕೇಳಿದ್ದಾರೆ. ಗಂಗೋತ್ರಿಯ ಕೈ ಹಿಡಿದು ಬಾ. ಆ ಗೊಂಬೆಯನ್ನು ತೆಗೆಸುತ್ತೇನೆ, ದಿಮ್ಮಿಯ ಮೇಲೆ ನೀನು ನಿಲ್ಲು. ಗೆರೆ ಎಲ್ಲಿದೆಯೆಂದು ಶಾಹೀನ್ ಪಕ್ಕದಲ್ಲಿ ನಿಂತು ಹೇಳುತ್ತಾಳೆ. ಹಲಗೆ ಸೊಟ್ಟಗಾದರೆ ಆಗಲಿ.

ಗುಂಡಿಯೊಳಗೆ ನಾನಿರುತ್ತೇನೆ.

ನಿನ್ನ ದಾರಿ ಕಾಯುವ,
ಅಲ್ಲಾಬಕ್ಷ್