ಏಳು ಒಂದುಗಳು

ಭದ್ರಾವತಿ, ಓಲ್ಡ್ ಟೌನ್
೨ ಫೆಬ್ರವರಿ ೧೯೩೮

ಇವತ್ತಿನ ಐದು ಭಾಗಾಕಾರವೂ ಮುಗಿಯಿತು. ಮಾವನವರ ಸಂಖ್ಯೆ ೧೧೧೧೧೧೧. ಏಳು ಒಂದುಗಳು. ಅದು ಪ್ರೈಮ್, ಯಾವುದರಿಂದಲೂ ಒಡೆಯುವುದಿಲ್ಲ ಎಂದು ಅವರ ಹಟ. ಸಾಬೀತಾಗಲು ಸಾವಿರದ ಚಿಲ್ಲರೆವರೆಗಿನ ೧೭೭ ಪ್ರೈಮುಗಳಿಂದ ಭಾಗಿಸಬೇಕು. ಒಂದಕ್ಕೂ ಶೇಷ ಸೊನ್ನೆ ಬರಬಾರದು. ಮೂವತ್ತು ವರ್ಷ ಗಣಿತದ ಮೇಷ್ಟ್ರು. ಈಗ ಕಣ್ಣಿಗೆ ಪೊರೆ. ಅದಕ್ಕೆ ನಾನು.

"ಕಾನ್ವೆಂಟ್ ಹುಡುಗಿ, ಕೈ ಚುರುಕು" ಎಂದರು. ಎಷ್ಟು ಖುಷಿ ನನಗೆ... ಏಳು ಒಂದನ್ನು ಅದರಿಂದಲೇ ಗುಣಿಸಿ ನೋಡಿದೆ — ೧೨೩೪೫೬೭೬೫೪೩೨೧. ಮೆಟ್ಟಿಲು ಹತ್ತಿ ಇಳಿದ ಹಾಗೆ. ಸ್ವೀಟ್ ನಂಬರ್.

೧೧ ಫೆಬ್ರವರಿ

ಇವರು ಫ್ಯಾಕ್ಟರಿಯಿಂದ ಬೇಗ ಬಂದರು. "ಶಿವಮೊಗ್ಗಕ್ಕೆ ಟಾಕಿ ಬಂದಿದೆ. ಬಾರೇ ಮಾರಾಯ್ತಿ, ಟ್ರೈನ್ ಹೋಗತ್ತೆ." ಇವತ್ತಿನ ಐದೂ ಬಾಕಿ. ಮಾವನವರು ಜಗಲಿಯಲ್ಲಿ ಕಾಯುತ್ತಿದ್ದರು. ಬಾಯಿಗೆ ಬಂದ ಶೇಷ ಹೇಳಿಬಿಟ್ಟೆ. ೨೩೩ಕ್ಕೆ ತೊಂಬತ್ತು, ೨೩೯ಕ್ಕೆ ಐವತ್ತೆಂಟು... ತಲೆಯಾಡಿಸಿದರು. ನಾಳೆ ಸರಿಮಾಡುತ್ತೇನೆ. ಸಿನಿಮಾದ ಹಾಡುಗಳು ಹೆವನ್ಲಿ.

೧೦ ಮಾರ್ಚ್

೧೭೭ ಮುಗಿಯಿತು. ಮಾವನವರು ಎಲ್ಲರ ಕೈಗೂ ಸಕ್ಕರೆ ಹಾಕಿದರು. ಕಾಗದ ಹೇಳಿ ಬರೆಸಿದರು — ಮೈಸೂರಿನ ಕಾಲೇಜಿನಲ್ಲಿ ಗಣಿತ ಹೇಳುವ ಹಳೆಯ ಶಿಷ್ಯ ಶ್ರೀನಿವಾಸಮೂರ್ತಿಗೆ. "ಲೆಕ್ಕ ಮಾಡಿದ್ದು ನನ್ನ ಸೊಸೆ ಅಂತ ಬರಿಯಮ್ಮ. ಹೆಸರೂ ಹಾಕು."

ನನ್ನ ಹೆಸರು ಬರೆಯಲಾಗಲಿಲ್ಲ. ಇಂಕ್ ಮುಗಿದಿದೆ ಎಂದೆ. ಅದೂ ಸುಳ್ಳು.

ಅದೇ ದಿನ, ಮಧ್ಯಾಹ್ನ ೩

ಟಾಕಿಯ ದಿನ ಬಿಟ್ಟಿದ್ದ ಆ ಐದನ್ನು ಈಗ ಮಾಡಿದೆ. ೨೩೩ಕ್ಕೆ ಶೇಷ ೧೬೭. ೨೩೯ಕ್ಕೆ ಸೊನ್ನೆ.

ಮೂರು ಸಲ ಮಾಡಿದೆ. ೨೩೯ × ೪೬೪೯. ಒಡೆಯಿತು. ಕಾಗದವನ್ನು ಹಾಗೇ ಅಂಚೆಗೆ ಹಾಕಿದರೆ ಮಾವನವರಿಗೆ ಗೊತ್ತಾಗುವುದಿಲ್ಲ. ಶಿಷ್ಯನಿಗೆ ಗೊತ್ತಾಗುತ್ತದೆ.

೧೨ ಮಾರ್ಚ್

ಹೇಳಿದೆ.

"ಮಾವ, ಇನ್ನೂರ ಮೂವತ್ತೊಂಬತ್ತಕ್ಕೆ ಶೇಷ ಸೊನ್ನೆ."

"ಐವತ್ತೆಂಟು ಅಂದಿದ್ಯಲ್ಲಮ್ಮ?"

ನೆನಪಿಟ್ಟುಕೊಂಡಿದ್ದರು. ನೂರ ಎಪ್ಪತ್ತೇಳು ಶೇಷವನ್ನೂ ಇಟ್ಟುಕೊಂಡಿರಬೇಕು.

"ಅವತ್ತು ಭಾಗಿಸಿರಲಿಲ್ಲ. ಟಾಕಿಗೆ ಹೊತ್ತಾಗಿತ್ತು."

ಶಾಲು ಸರಿಮಾಡಿಕೊಂಡರು. ಆಮೇಲೆ, "ಚೆನ್ನಾಗಿತ್ತಾ?" ಎಂದರು.

ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ.

೧೩ ಮಾರ್ಚ್, ಭಾನುವಾರ

ಈಗ ೪೬೪೯ ಮುಂದೆ ಒಡೆಯುತ್ತದೆಯೇ ನೋಡಬೇಕಂತೆ. ಸ್ಲೇಟು ತೆಗೆದುಕೊಂಡು ಹೋದೆ. "ನಿನಗೆ ಒಳಗೆ ಕೆಲಸ ಇರುತ್ತಮ್ಮ" ಎಂದು ಮಗನನ್ನು ಕರೆದರು. ಇವರಿಗೆ ಭಾಗಾಕಾರ ಅಷ್ಟಕ್ಕಷ್ಟೆ.

ಅಡುಗೆಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಎಲ್ಲ ಕೇಳಿಸುತ್ತಿದೆ. "ಹದಿನೇಳಕ್ಕೆ ಶೇಷ ಒಂಬತ್ತು, ಅಪ್ಪ" ಅಂದರು ಇವರು. ಮಾವನವರು "ಹ್ಞೂಂ, ಮುಂದೆ" ಅಂದರು.

ಒಂಬತ್ತಲ್ಲ. ಎಂಟು. ಬಾಗಿಲವರೆಗೆ ಹೋಗಿ ಬಂದೆ. ನಾನು ಎಂಟು ಅಂದರೆ ಮಾವನವರು ಈಗ ನಂಬುತ್ತಾರೆಯೇ?