ಸಹಿಯ ಮೇಲಿನ ಆರು ಸಾಲು

ದಾವಣಗೆರೆ
ಮಂಗಳವಾರ, 18-11-1958

ಪ್ರೀತಿಯ ಅಬ್ಬಾ, ನಿಮ್ಮ ಮಗ ಫಜಲುಲ್ಲಾನ ಸಲಾಂ.

ತಿಮ್ಮವ್ವನನ್ನು ಆಸ್ಪತ್ರೆಯ ಕೆಲಸದಿಂದ ತೆಗೆದುಹಾಕಿದ್ದಾರೆ. ಇದು ಅನ್ಯಾಯ. ತೆಗೆದ ಠರಾವಿನ ಕೆಳಗೆ ನಿಮ್ಮ ಸಹಿ ಇದೆ.

ಕ್ಷೇಮಸಮಾಚಾರ ಕೇಳುವ ಮೊದಲೇ ಇದನ್ನು ಬರೆದದ್ದು ತಪ್ಪು ಎಂದು ಗೊತ್ತು. ಆದರೆ ಎದೆಯಲ್ಲಿ ಇದನ್ನಿಟ್ಟುಕೊಂಡು ಬೇರೆ ಮಾತು ಬರೆಯಲು ಕೈ ಏಳಲಿಲ್ಲ. ಈಗ ಕೇಳುತ್ತೇನೆ. ನಿಮ್ಮ ಮಂಡಿನೋವು ಹೇಗಿದೆ? ಹರಿಹರದಲ್ಲಿ ಹೊಳೆಯ ಗಾಳಿ ತಣ್ಣಗಿರುತ್ತದೆ, ಬೆಳಿಗ್ಗೆ ಎದ್ದ ಕೂಡಲೇ ಹೊರಗೆ ಕೂರಬೇಡಿ. ಹಜೀರಾಬೀ ಫುಫ್ಫಿಯ ಕಾಲಿಗೆ ನೀವು ಕಟ್ಟಿದ ಪಟ್ಟಿ ಸಡಿಲವಾಗಿದೆಯೇ, ಅವರು ಗೋಡೆ ಹಿಡಿದು ನಾಲ್ಕು ಹೆಜ್ಜೆ ಇಡುತ್ತಿದ್ದಾರೆಯೇ? ಅಮ್ಮಿ ಚೆನ್ನಾಗಿದ್ದಾಳೆ, ಊಟ ಮಾತ್ರ ಅರ್ಧ ಮಾಡುತ್ತಾಳೆ. "ನಿಮ್ಮ ಅಬ್ಬಾಗೆ ಬರಿ, ಅಕ್ಕನ ಕಾಲು ನೋಡ್ಕೋತಾ ತಮ್ಮ ಕಾಲಿಗೆ ಎಣ್ಣಿ ಹಚ್ಚೋದು ಮರೀಬ್ಯಾಡ ಅಂತ" ಎಂದು ಒಲೆಯ ಮುಂದೆ ಕೂತೇ ಹೇಳಿದಳು. ತಿಮ್ಮವ್ವನ ವಿಷಯ ಬರೆಯುತ್ತಿದ್ದೇನೆಂದು ಅವಳಿಗೆ ಹೇಳಿಲ್ಲ. ಈ ಕಾಗದವನ್ನು ಅಂಚೆಗೂ ಹಾಕುತ್ತಿಲ್ಲ. ಬೀಡಿ ಗಂಟು ತೆಗೆದುಕೊಂಡು ದಿನಾ ಹರಿಹರದ ಬಸ್ಸಿಗೆ ಬರುವ ಬಡೇಸಾಬ್ ಚಾಚಾರ ಕೈಯಲ್ಲಿ ಕೊಡುತ್ತೇನೆ. ಆಸ್ಪತ್ರೆಯವರ ಕಣ್ಣು ಎಲ್ಲೆಲ್ಲಿ ಇದೆಯೋ ಈಗ ನನಗೆ ನಂಬಿಕೆಯಿಲ್ಲ. ನೀವೇ ಓದಿಕೊಳ್ಳುವಂತೆ ಅಕ್ಷರಗಳನ್ನು ಅಚ್ಚಿನ ಹಾಗೆ ಬಿಡಿಬಿಡಿಯಾಗಿ ಬರೆದಿದ್ದೇನೆ. ಫುಫ್ಫಿಯ ಮನೆಯಲ್ಲಿ ಯಾರಿಗೂ ಓದಲು ಕೊಡಬೇಡಿ.

ನನಗೆ ಇದು ತಿಳಿದ ಬಗೆ ಹೇಳುತ್ತೇನೆ. ಮೊನ್ನೆ ಶನಿವಾರ ಆಸ್ಪತ್ರೆಯ ಗುಮಾಸ್ತ ಗಿಡ್ಡಪ್ಪ ನಮ್ಮ ಪ್ರೆಸ್ಸಿಗೆ ಬಂದ. ವಾರ್ಷಿಕ ವರದಿ ಅಚ್ಚಾಗಬೇಕಂತೆ. ನಕಲು ತೆಗೆಯಲು ಸೋಮಾರಿತನ, ಅದಕ್ಕೆ ಆಡಳಿತ ಸಮಿತಿಯ ನಡಾವಳಿ ಪುಸ್ತಕವನ್ನೇ ಬಗಲಲ್ಲಿಟ್ಟುಕೊಂಡು ಬಂದಿದ್ದ. "ಗುರುತು ಹಾಕಿದ್ದಷ್ಟು ಜೋಡಿಸು ತಮ್ಮಾ, ಉಳಿದದ್ದು ನೋಡಬ್ಯಾಡ" ಎಂದು ಹೇಳಿ ಚಹಾ ಕುಡಿಯಲು ಹೋದ. ನೋಡಬೇಡ ಎಂದರೆ ನೋಡದೆ ಇರುವವನು ನಾನಲ್ಲ ಎಂದು ನಿಮಗೆ ಗೊತ್ತು. ಎಂಟನೇ ತಾರೀಖಿನ ಸಭೆಯ ಪುಟಕ್ಕೂ ಗುರುತು ಹಾಕಿತ್ತು. ಒಂದೊಂದೇ ಅಚ್ಚುಮೊಳೆ ಎತ್ತಿ ಜೋಡಿಸುತ್ತಾ ಬಂದೆ. ಹೊಸ ಬಾವಿಗೆ ಕಟ್ಟೆ ಕಟ್ಟಿಸುವುದು, ಹೆರಿಗೆ ವಾರ್ಡಿಗೆ ಸುಣ್ಣ ಹೊಡೆಸುವುದು. ಆಮೇಲೆ ಇದು ಬಂತು. ರೋಗಿಯ ಕಾಲು ಸುಟ್ಟ ಬೇಜವಾಬ್ದಾರಿಗಾಗಿ ಆಯಾ ತಿಮ್ಮವ್ವಳನ್ನು ವಜಾ ಮಾಡತಕ್ಕದ್ದು, ಆಸ್ಪತ್ರೆ ಹಿತ್ತಲಿನ ಕೋಣೆ ತೆರವು ಮಾಡಿಸತಕ್ಕದ್ದು, ಇದಕ್ಕೆ ಸಿಬ್ಬಂದಿಯ ಚುನಾಯಿತ ಪ್ರತಿನಿಧಿ ಡ್ರೆಸ್ಸರ್ ಮಸ್ತಾನಸಾಬರೂ ಸಮ್ಮತಿಸಿರುತ್ತಾರೆ. ಹದಿನಾಲ್ಕು ವರ್ಷ ಮಲ ಮೂತ್ರ ಎತ್ತಿದ ಹೆಂಗಸನ್ನು ಬೀದಿಗೆ ಹಾಕುವ ಮಾತನ್ನು ನನ್ನ ಕೈಯಿಂದಲೇ ಜೋಡಿಸಬೇಕಾಯಿತು. ನಿಮ್ಮ ಹೆಸರಿನ "ಮ" ಹಿಡಿದ ಬೆರಳು ಅಲ್ಲೇ ನಿಂತಿತು.

ಅಬ್ಬಾ, ಚುನಾವಣೆಯ ದಿನ ನೆನಪಿದೆಯೇ? ಓದು ಬಾರದವರೇ ಹೆಚ್ಚೆಂದು ಔಷಧಿಯ ಎರಡು ಖಾಲಿ ಬಾಟಲಿ ಇಟ್ಟು, ಒಬ್ಬೊಬ್ಬರ ಕೈಗೂ ಒಂದು ಹುಣಸೆ ಬೀಜ ಕೊಟ್ಟಿದ್ದರು. ಟಿಂಚರಿನ ಕಂದು ಬಾಟಲಿ ನಿಮ್ಮದು, ಬಿಳಿಯದು ಉಗ್ರಾಣದವರದು. ನಿಮ್ಮ ಬಾಟಲಿಗೆ ಮೂವತ್ತೊಂದು ಬೀಜ ಬಿತ್ತು. ವಾರ್ಡಿನಿಂದ ವಾರ್ಡಿಗೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗಿ ನಿಮಗಾಗಿ ಬೀಜ ಕೇಳಿದವಳು ತಿಮ್ಮವ್ವ. "ಬಾಟ್ಲಿಗೆ ಬೀಜ ಹಾಕಿದ್ರೆ ಗಿಡ ಏಳತೈತೇನು ಡ್ರೆಸ್ಸರ್ ಸಾಬ್ರೇ? ನೀವು ಒಳಗ ಹೋಗಿ ಬಾಯಿ ಬಿಟ್ರೆ ಮಾತ್ರ ಏಳತೈತಿ" ಎಂದು ಎಲ್ಲರೆದುರಿಗೆ ನಿಮ್ಮನ್ನು ಛೇಡಿಸಿದ್ದಳು. ನೀವು ನಕ್ಕಿರಿ. ಮೊದಲ ಸಭೆ ಮುಗಿಸಿ ಬಂದು ಅಮ್ಮಿಗೆ ನೀವು ಹೇಳಿದ ಮಾತು ಬೇರೆ. "ಕುರ್ಚಿ ಕೊಟ್ರು ಕಣೇ. ಕಾರ್ಯದರ್ಶಿ ಬಕ್ಕೇಶಪ್ಪನೋರು ತಾವೇ ಎಳೆದು ಕೂಡ್ರಿ ಅಂದ್ರು. ಚಹಾನೂ ಅವರ ಕಪ್ಪಿನಂಥ ಕಪ್ಪಿನಾಗೇ ಕೊಟ್ರು." ಆ ಕಪ್ಪಿನ ಅಂಚಿನ ನೀಲಿ ಹೂವನ್ನೂ ನೀವು ವರ್ಣಿಸಿದಿರಿ. ಬಾಯಿ ಬಿಟ್ಟದ್ದೇನೆಂದು ಮಾತ್ರ ಹೇಳಲಿಲ್ಲ. ಆ ದಿನದಿಂದಲೇ ನನಗೆ ಆ ಕುರ್ಚಿಯ ಮೇಲೆ ಗುಮಾನಿ.

ಗಿರಣಿ ಕಾರ್ಮಿಕರ ಕರಪತ್ರ ಓದಿ ಓದಿ ನನ್ನ ತಲೆ ಕೆಟ್ಟಿದೆ ಎನ್ನುತ್ತೀರಿ. "ಮೊಳೆ ಜೋಡಿಸೋನು, ಎಲ್ಲಾ ಉಲ್ಟಾನೇ ಓದ್ತಾನೆ" ಎಂದು ನೆರೆಯವರೆದುರು ನಗುತ್ತೀರಿ. ನಗಿ. ಆದರೆ ಆ ಕರಪತ್ರಗಳಲ್ಲಿ ಒಂದು ಮಾತಿದೆ, ಅದನ್ನು ನಾನೇ ಮೂರು ಸಲ ಜೋಡಿಸಿದ್ದೇನೆ. ಕೆಲಸಗಾರರ ಪ್ರತಿನಿಧಿಯನ್ನು ಒಡೆಯರು ಒಳಗೆ ಕರೆಯುವುದು ಎರಡು ಕಾರಣಕ್ಕೆ, ಒಂದು ಅವನ ಮಾತು ಕೇಳಲು, ಇನ್ನೊಂದು ಅವನ ಮೌನವನ್ನು ಹೊರಗಿನವರಿಗೆ ತೋರಿಸಲು. ಬಕ್ಕೇಶಪ್ಪನವರು ನಿಮ್ಮನ್ನು ಕರೆದದ್ದು ಯಾವುದಕ್ಕೆ?

ರಜೆಯ ವಿಷಯವೂ ನನಗೆ ಸರಿ ಕಾಣುತ್ತಿಲ್ಲ. ಫುಫ್ಫಿ ಬಿದ್ದ ಸುದ್ದಿ ಬಂದಾಗ ನೀವು ಕೇಳಿದ್ದು ಮೂರು ದಿನ. ಬಕ್ರೀದಿಗೂ ಎರಡು ದಿನ ಬಿಡದ ಬಕ್ಕೇಶಪ್ಪನವರು "ಹದಿನೈದು ದಿನ ಇದ್ದು ಬರ್ರಿ ಸಾಬ್ರೇ, ಅಕ್ಕನ ಕಾಲು ಮೊದಲು" ಎಂದರಂತೆ. ಮುಂದಿನ ಸಭೆ ಈ ಶನಿವಾರ, ಇಪ್ಪತ್ತೆರಡಕ್ಕೆ. ನಿಮ್ಮ ರಜೆ ಮುಗಿಯುವುದು ಇಪ್ಪತ್ತೈದಕ್ಕೆ. ಆಸ್ಪತ್ರೆಯ ನಿಯಮಾವಳಿ ಹಿಂದಿನ ವರ್ಷ ನಮ್ಮ ಪ್ರೆಸ್ಸಿನಲ್ಲೇ ಅಚ್ಚಾಯಿತು, ಒಂದು ಪ್ರತಿ ನನ್ನಲ್ಲಿದೆ. ಒಂದು ಸಭೆಯ ನಡಾವಳಿಯನ್ನು ಮುಂದಿನ ಸಭೆಯಲ್ಲಿ ಓದಬೇಕು. ಅಲ್ಲಿದ್ದ ಸದಸ್ಯರು ಯಾರಾದರೂ "ಹೀಗೆ ನಡೆದಿಲ್ಲ" ಎಂದರೆ ತಿದ್ದಬೇಕು. ಯಾರೂ ಏನೂ ಅನ್ನದಿದ್ದರೆ ಅದು ಕಾಯಂ. ಅನ್ನಬೇಕಾದವರು ಒಬ್ಬರೇ, ಅವರನ್ನು ಹರಿಹರಕ್ಕೆ ಕಳಿಸಿದ್ದಾರೆ. ಶನಿವಾರ ಕಾಯಂ ಆದರೆ ಭಾನುವಾರ ಸಂಜೆಯೊಳಗೆ ತಿಮ್ಮವ್ವ ಕೋಣೆ ಖಾಲಿ ಮಾಡಬೇಕು. ಅವಳಿಗೆ ಹೋಗಲು ಊರಿಲ್ಲ, ಮನೆಯಿಲ್ಲ. ಇದೆಲ್ಲ ತಾನಾಗಿ ಹೀಗೆ ಕೂಡಿಬಂತು ಎಂದು ನಂಬಲು ನನ್ನಿಂದ ಆಗುವುದಿಲ್ಲ. ನೀವೂ ಇದರಲ್ಲಿ ಕೂಡಿದ್ದೀರೋ ಎಂದು ಎರಡು ದಿನ ಅನ್ನ ಬಿಟ್ಟು ಯೋಚಿಸಿದೆ. ಮಗನಾಗಿ ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆದಿದ್ದೇನೆ.

ಆದರೆ ಆ ಪುಟದಲ್ಲಿ ಇನ್ನೊಂದು ಸಂಗತಿ ಇತ್ತು. ನನ್ನ ಕೆಲಸವೇ ಸಾಲು ನೋಡುವುದು. ಬಾವಿಯ ಠರಾವು, ಸುಣ್ಣದ ಠರಾವು ಎರಡೂ ವಿಶಾಲವಾಗಿ, ಸಾಲು ಸಾಲಿನ ನಡುವೆ ಬೆರಳು ಇಡುವಷ್ಟು ಜಾಗ ಬಿಟ್ಟು ಬರೆದಿವೆ. ತಿಮ್ಮವ್ವನ ಠರಾವಿನ ಆರು ಸಾಲು ಮಾತ್ರ ಇರುವೆ ಸಾಲಿನಂತೆ ಒತ್ತೊತ್ತಾಗಿ, ಅಕ್ಷರ ಸಣ್ಣದಾಗಿ, ಕೊನೆಯ ಸಾಲು ನಿಮ್ಮ ಸಹಿಯ ತಲೆಗೆ ತಾಗುವಂತೆ ಬಗ್ಗಿ ಹೋಗಿದೆ. ಸಹಿ ಮೊದಲೇ ಬಿದ್ದು, ಅದರ ಮೇಲೆ ಉಳಿದ ಜಾಗದಲ್ಲಿ ಆಮೇಲೆ ಮಾತು ತುರುಕಿದರೆ ಮಾತ್ರ ಸಾಲು ಹಾಗೆ ಬರುತ್ತದೆ. ಚಹಾ ಕುಡಿದು ಬಂದ ಗಿಡ್ಡಪ್ಪನನ್ನು ಏನೂ ಅರಿಯದವನಂತೆ ಕೇಳಿದೆ. "ಸಭಿಗೆ ಬಂದ ಕೂಡ್ಲೆ ಎಲ್ಲಾರ ಹತ್ರ ಪುಟದ ಕೆಳಗ ಸಹಿ ತಗೊಂಡ್ ಬಿಡ್ತೀವಪ್ಪಾ. ದೊಡ್ಡೋರು ನಡುವೆ ಎದ್ದು ಹೋಗ್ತಾರಲ್ಲ. ನಡಾವಳಿ ಆಮೇಲೆ ಸಾವಕಾಶ ಬರೀತೀವಿ" ಎಂದ, ಬಹಳ ಸರಳವಾಗಿ, ಇದರಲ್ಲೇನಿದೆ ಎನ್ನುವ ಹಾಗೆ.

ನೀವು ಇಪ್ಪತ್ತೆರಡು ವರ್ಷದಿಂದ ದಿನಾ ಬೆಳಿಗ್ಗೆ ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಆಮೇಲೆ ಕತ್ತರಿ, ಹತ್ತಿ ಹಿಡಿಯುವವರು. ಮೊದಲು ಸಹಿ, ಆಮೇಲೆ ಕೆಲಸ. ಸಮಿತಿಯ ಪುಸ್ತಕ ಮುಂದೆ ಬಂದಾಗ ನೀವು ಅದನ್ನೂ ಹಾಜರಿ ಪುಸ್ತಕವೆಂದೇ ತಿಳಿದಿರಾ? ಬೆರಳಿಟ್ಟು ತೋರಿಸಿದ ಜಾಗದಲ್ಲಿ ಸುಮ್ಮನೆ ಹಾಕಿದಿರಾ? ಹಾಗಾದರೆ ನಿಮ್ಮದು ತಪ್ಪು, ದ್ರೋಹವಲ್ಲ. ನಾನು ಕೇಳುವುದು ಒಂದೇ ಪ್ರಶ್ನೆ. ನೀವು ಸಹಿ ಹಾಕಿದಾಗ ಆ ಆರು ಸಾಲು ಅಲ್ಲಿದ್ದವೋ, ಇಲ್ಲವೋ?

ಫುಫ್ಫಿಗೆ ನನ್ನ ಆದಾಬ್, ಮಕ್ಕಳಿಗೆ ಮುದ್ದು. ಖುದಾ ನಿಮ್ಮ ಮಂಡಿಗೂ ನಾಲಿಗೆಗೂ ಬಲ ಕೊಡಲಿ.

ನಿಮ್ಮ ಮಗ,
ಫಜಲುಲ್ಲಾ

ಇನ್ನೊಂದು ಮಾತು: ಕಾಗದ ಮಡಚಿದ ಮೇಲೆ ತಿಮ್ಮವ್ವನ ಕೋಣೆಗೆ ಹೋಗಿದ್ದೆ, ಆದ್ದರಿಂದ ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ, ಬಡೇಸಾಬ್ ಚಾಚಾ ಬಾಗಿಲಲ್ಲಿ ನಿಂತು ಬಸ್ಸು ಹೋಗುತ್ತದೆ ಎಂದು ಬೈಯುತ್ತಿದ್ದಾರೆ. ಠರಾವಿನಲ್ಲಿ ಹೇಳಿದ ಆ ರೋಗಿ ಅಜ್ಜಿಯ ಕಾಲ ಮೇಲೆ ಒಡೆದ ಬಿಸಿನೀರಿನ ರಬ್ಬರ್ ಚೀಲ ತಿಮ್ಮವ್ವನ ಪೆಟ್ಟಿಗೆಯಲ್ಲಿದೆ. ಅದರ ಹೊಟ್ಟೆಯ ಮೇಲೆ ಅಡ್ಡಡ್ಡ ಪ್ಲಾಸ್ಟರು ಅಂಟಿಸಿದೆ, ಮೂಲೆ ಮಡಿಸಿ ಕತ್ತರಿಸಿದ ಪ್ಲಾಸ್ಟರು. ಹಾಗೆ ಮೂಲೆ ಮಡಿಸಿ ಕತ್ತರಿಸುವ ಕೈ ದಾವಣಗೆರೆಯಲ್ಲಿ ಒಂದೇ. ಹೊಸ ಚೀಲ ಕೇಳಿದರೆ ಬಕ್ಕೇಶಪ್ಪನವರು "ಇದನ್ನೇ ಹೆಂಗಾದ್ರೂ ನಡೆಸ್ರಿ" ಎಂದು ನಿಮ್ಮ ಕೈಯಿಂದಲೇ ಪ್ಲಾಸ್ಟರು ಹಾಕಿಸಿದರಂತೆ. ಈಗ ನನಗೆ ನಿಮ್ಮ ಮೌನದ ಕಾರಣ ತಿಳಿಯಿತು. ಇಷ್ಟು ದಿನ ಯಾಕೆ ತೋರಿಸಲಿಲ್ಲ ಎಂದು ಕೇಳಿದೆ. "ತೋರಿಸಿದ್ರೆ ನಿಮ್ಮಪ್ಪನ ಹೆಸರು ಬರ್ತೈತಲ್ಲೋ ತಮ್ಮಾ. ಇಬ್ಬರು ಯಾಕ ಹೋಗ್ಬೇಕು, ಒಬ್ಬಾಕಿ ಸಾಕು" ಎಂದಳು. ಬಕ್ಕೇಶಪ್ಪನವರು ಹೆದರುವುದು ನಿಮಗಲ್ಲ, ಆ ಚೀಲಕ್ಕೆ. ಯಾರು ಅಂಟಿಸಲು ಹೇಳಿದರೆಂದು ನೀವು ಹೇಳಿದರೆ ನಿಮ್ಮ ಕೆಲಸವೂ ಹೋಗಬಹುದು. ಹೋಗಲಿ ಎಂದು ಬರೆಯುವುದು ನನಗೆ ಸುಲಭ, ಸುಲಭವಲ್ಲವೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಠರಾವಿನಲ್ಲಿ ನಿಮ್ಮ ಹೆಸರಿನ ಮೊಳೆಗಳನ್ನು ನಾನಿನ್ನೂ ಜೋಡಿಸಿಲ್ಲ, ಅಷ್ಟು ಜಾಗ ಖಾಲಿ ಬಿಟ್ಟಿದ್ದೇನೆ. ಪ್ರೆಸ್ಸಿನ ಮಾಲೀಕರು ಶನಿವಾರ ಮಧ್ಯಾಹ್ನದವರೆಗೆ ಕಾಯುತ್ತೇನೆ ಎಂದಿದ್ದಾರೆ. ಸಭೆ ಹತ್ತು ಗಂಟೆಗೆ. ಚೀಲ ನನ್ನ ಕೈಯಲ್ಲಿರುತ್ತದೆ, ತಿಮ್ಮವ್ವನೂ ಜೊತೆಗಿರುತ್ತಾಳೆ. ಹರಿಹರದಿಂದ ಮೊದಲ ಬಸ್ಸು ಹತ್ತಿ ಬನ್ನಿ. ಶನಿವಾರ, ಇಪ್ಪತ್ತೆರಡನೇ ತಾರೀಖು, ಬೆಳಿಗ್ಗೆ ಒಂಬತ್ತು ಗಂಟೆ, ಆಸ್ಪತ್ರೆಯ ಹಿಂಬಾಗಿಲ ಬೇವಿನ ಮರದ ಕೆಳಗೆ.