ವೆನೆಜುವೆಲಾದ ಸೊಸೆ

ನನ್ನ ಮೇಷ್ಟ್ರಪ್ಪಾ,

ನಾನು ಮದುವೆಯಾದೆ! ಇಲ್ಲಿ ಅಮೆರಿಕದ ಮಾರಿಸ್‌ಟೌನಿನಲ್ಲಿ, ಇಪ್ಪತ್ತು ಜನರ ಎದುರು, ಡಾನಿಯೆಲ್ ಜೊತೆ. ನೀನು ಹೋಗಿ ಐದು ತಿಂಗಳಿಗೇ ಮದುವೆಯೇ ಅನ್ನಬೇಡ. ನಿಲ್ಲಿಸಬೇಡ ಅಂತ ಅಮ್ಮನೇ ಅಂದಳು. ನನ್ನ ಗಂಡ ಈಗ ರೈಲಿನಲ್ಲಿ ಸಿಕ್ಕ ನಮ್ಮ ಕಡೆಯ ಅಂಕಲ್, ಆಂಟಿಯರನ್ನೆಲ್ಲ "ಊಟ ಆಯ್ತಾ?" ಅಂತ ಕೇಳುತ್ತಾನೆ, ಬೆಳಿಗ್ಗೆ ಏಳೂವರೆಗೆ! ಎಷ್ಟು ನಗುತ್ತಿದ್ದೆ ನೀನು...

ನಿಶ್ಚಿತಾರ್ಥಕ್ಕೆ ಬಂದಾಗ ಅತ್ತೆಯ ಮನೆಯಲ್ಲಿ ಊಟಕ್ಕೆ ಕೂತದ್ದು ನೆನಪಿದೆಯಾ? ಅವರು ವೆನೆಜುವೆಲಾದವರು ಅಂದದ್ದೇ ತಡ, ರಿಟೈರಾದ ಇತಿಹಾಸದ ಮೇಷ್ಟ್ರು ನೆಟ್ಟಗೆ ಕೂತರು. ನನ್ನ ಕಿವಿಯಲ್ಲಿ ನೀನು, "ಪಕ್ಕದ ಮನೇಲಿ ಎಣ್ಣೆ ಗಾಣ ಇದ್ರೆ ದೊಡ್ಡ ಮನೆಯವನಿಗೆ ದಿನಾ ಅವರ ಕ್ಷೇಮದ್ದೇ ಚಿಂತೆ ಕಣೇ" ಅಂದೆ. ಆಮೇಲೆ ಎಲ್ಲರಿಗೂ ಕೇಳುವಂತೆ ಇಂಗ್ಲಿಷಿನಲ್ಲಿ ಶುರು ಮಾಡಿದೆ: ನೂರು ವರ್ಷದ ಹಿಂದೆಯೇ ಅಮೆರಿಕ ಅಲ್ಲಿಗೆ ಯುದ್ಧನೌಕೆ ಕಳಿಸಿದ್ದು, ತೈಲದ ಕಾನೂನನ್ನು ತೈಲ ಕಂಪನಿಗಳ ವಕೀಲರೇ ತಿದ್ದಿದ್ದು, ಆಮೇಲೆ ಅಲ್ಲಿನ ಸರ್ವಾಧಿಕಾರಿಗೆ ಪದಕ ತೊಡಿಸಿದ್ದು.

ಅತ್ತೆ ಚಮಚ ಕೆಳಗಿಟ್ಟರು. "ಪ್ರೊಫೆಸರ್, ನಾನು ಹಾಲಿಗೆ ಕ್ಯೂ ನಿಂತಿದ್ದು ನಮ್ಮದೇ ದೇಶದ ಈ ಅಧ್ಯಕ್ಷನ ಕಾಲದಲ್ಲಿ. ನೀವು ಓದಿದೀರಿ, ನಾನು ನಿಂತಿದೀನಿ."

ನೀನು ಉತ್ತರಿಸಲು ಬಾಯಿ ತೆರೆದೆ. ನಾನು ಎಲ್ಲರೆದುರು, "ಅಪ್ಪಾ, ಸಾಕು ಮಾಡು! ಇದು ನಿನ್ನ ಕ್ಲಾಸ್ ಅಲ್ಲ" ಅಂದುಬಿಟ್ಟೆ. ಮೈಸೂರಿಗೆ ಹೊರಡುವವರೆಗೂ ನೀನು ಆ ದೇಶದ ಹೆಸರೆತ್ತಲಿಲ್ಲ. ನಾನು ಕ್ಷಮೆ ಕೇಳಲಿಲ್ಲ. ತಿಂಗಳೊಳಗೆ ನಿನ್ನ ಹೃದಯ... ಅಷ್ಟು ಅವಸರ ಏನಿತ್ತಪ್ಪಾ?

ಮೊನ್ನೆ ಶನಿವಾರ ಅಮೆರಿಕದ ವಿಮಾನಗಳು ವೆನೆಜುವೆಲಾದ ರಾಜಧಾನಿ ಕರಾಕಸ್ ಮೇಲೆ ಬಾಂಬ್ ಹಾಕಿದವು. ಅಲ್ಲಿನ ಅಧ್ಯಕ್ಷನನ್ನು ಹಿಡಿದು ಇಲ್ಲಿಗೆ, ನ್ಯೂಯಾರ್ಕಿಗೇ ತಂದರು. ಅತ್ತೆ ನನ್ನ ಕೈ ಹಿಡಿದು ಅಡುಗೆಮನೆಯಲ್ಲಿ ಕುಣಿದರು. ನಾನೂ ಕುಣಿದೆ, ಅಪ್ಪಾ. ಆಮೇಲೆ ಟಿವಿಯಲ್ಲಿ ಬಂತು: ಇನ್ನು ಆ ದೇಶವನ್ನು ಅಮೆರಿಕದವರೇ ನಡೆಸುತ್ತಾರಂತೆ, ತೈಲವನ್ನು ಇವರ ಕಂಪನಿಗಳು ತೆಗೆಯುತ್ತವಂತೆ. ಅತ್ತೆ ಕುರ್ಚಿ ಎಳೆದುಕೊಂಡು ಕೂತರು. ಕರಾಕಸ್‌ನಲ್ಲಿರುವ ತಮ್ಮನಿಗೆ ಫೋನ್ ಮಾಡಿದರು. ರಿಂಗಾಯಿತು, ಎತ್ತಲಿಲ್ಲ.

"ಅವತ್ತು ನಿಮ್ಮಪ್ಪ ಇನ್ನೂ ಏನೋ ಹೇಳೋರಿದ್ರು, ಅಲ್ವಾ? ಏನದು?"

"ಗೊತ್ತಿಲ್ಲ. ನಾನೇ ಬಾಯಿ ಮುಚ್ಚಿಸಿದೆ."

"ನಾನೂ ಅವರಿಗೆ ಹೇಳೋದು ಬೇಕಾದಷ್ಟಿತ್ತು" ಅಂದರು. ಜಗಳವಾಡುವುದಕ್ಕಾದರೂ ನೀನು ಇರಬೇಕಿತ್ತು.

ನಾಲ್ಕು ದಿನವಾಯಿತು. ಅವರ ತಮ್ಮ ಇನ್ನೂ ಫೋನ್ ಎತ್ತಿಲ್ಲ. ಎತ್ತಿದ ದಿನ ಅತ್ತೆಯ ಪಕ್ಕದಲ್ಲಿ ಕೂರುತ್ತೇನೆ, ಅಪ್ಪಾ. ಯಾರನ್ನು ಬೈದರೂ, ಯಾರನ್ನು ಹೊಗಳಿದರೂ, ಅವರು ಮುಗಿಸುವವರೆಗೆ ಕೇಳುತ್ತೇನೆ.

ನಿನ್ನ
ಪುಟ್ಟಿ